ಐದನೆಯ ಬೆಣೆ

ಒಂದು ಕಾಡಿನಲ್ಲಿ, ಅದೂ ಅಂತಿಂಥ ಕಾಡಲ್ಲ, ಮೇಲಿನ ಎಲೆಗೆ ಬಿದ್ದ ಮಳೆಹನಿ ನೆಲ ಮುಟ್ಟುವಷ್ಟರಲ್ಲಿ ಬೇಸಿಗೆ ಬಂದುಬಿಡುವಂಥ ದಟ್ಟ ಕಾಡಿನಲ್ಲಿ, ಕುಟ್ಟಜ್ಜ ಅನ್ನೋ ಮರಕುಟಿಗ ಇದ್ದ. ಈಗಿನ ಮರಕುಟಿಗಗಳನ್ನು ನೋಡಿ ಅವನನ್ನು ಅಳೆಯಬೇಡಿ. ಅವನು ನವಿಲಿನಷ್ಟು ದೊಡ್ಡವನು. ಅವನ ಕೊಕ್ಕು ಮೊಳದುದ್ದ. ಅವನು ಬೆಳಿಗ್ಗೆ ಎದ್ದು ಮರ ಕುಟ್ಟಿದರೆ ಮೂರು ಬೆಟ್ಟದಾಚೆ ಮಲಗಿದ್ದ ಹುಲಿಗೆ ತಲೆನೋವು ಬರುತ್ತಿತ್ತು. ಈ ಕಥೆಯನ್ನು ನನ್ನಷ್ಟು ಸರಿಯಾಗಿ ಹೇಳುವವರು ಏಳು ಹೋಬಳಿಯಲ್ಲಿ ಯಾರೂ ಇಲ್ಲ, ಅದಕ್ಕೇ ಹೇಳುತ್ತಿದ್ದೇನೆ. ನಗು ಬಂದರೆ ಈಗಲೇ ನಕ್ಕುಬಿಡಿ ಮಕ್ಕಳೇ. ಮುಂದೆ ನಗುವ ಜಾಗ ಕಡಿಮೆ.

ಆ ಕಾಲಕ್ಕೆ ಮನುಷ್ಯನ ಕೈಯಲ್ಲಿ ಉಳಿ ಇರಲಿಲ್ಲ. ಬಾಚಿ ಇರಲಿಲ್ಲ. ಗರಗಸದ ಹೆಸರೂ ಅವನಿಗೆ ಗೊತ್ತಿರಲಿಲ್ಲ. ಮರಗೆಲಸವೆಲ್ಲ ಪ್ರಾಣಿಗಳದೇ ಆಗಿತ್ತು. ತೊಗಟೆ ಕೆತ್ತುವ ಬಾಚಿ ಅಂದರೆ ಕಾಡುಹಂದಿಯ ಕೋರೆ. ಗರಗಸ ಅಂದರೆ ಕೆಂದಳಿಲಿನ ಹಲ್ಲು. ಚಿಪ್ಪುಹಂದಿ ಒಂದು ಸಲ ಮೈ ಉಜ್ಜಿಕೊಂಡು ಹೋದರೆ ಸಾಕು, ಹಲಗೆ ಕನ್ನಡಿ ಹಾಗೆ ನುಣುಪಾಗುತ್ತಿತ್ತು. ಕುಟ್ಟಜ್ಜನ ಕೊಕ್ಕು ಉಳಿಯೂ ಹೌದು, ತೂತು ಕೊರೆಯುವ ಬೈರಿಗೆಯೂ ಹೌದು. ಮನುಷ್ಯ ಇದನ್ನೆಲ್ಲ ಪೊದೆಯ ಹಿಂದೆ ಕೂತು ಕದ್ದು ನೋಡಿದ. ಆಮೇಲೆ ಮನೆಗೆ ಹೋಗಿ ಕಬ್ಬಿಣದಲ್ಲಿ ಮಾಡಿಕೊಂಡ. ಓದಿದವರು ಇದನ್ನು ಒಪ್ಪುವುದಿಲ್ಲ. ಒಪ್ಪದಿದ್ದರೆ ಬಿಡಿ. ಅವರು ಅಲ್ಲಿರಲಿಲ್ಲ. ಆ ಪೊದೆಯ ಹಿಂದೆ ನಮ್ಮ ಮುತ್ತಾತ ಇದ್ದ.

ಕುಟ್ಟಜ್ಜನಿಗೆ ಒಬ್ಬ ಶಿಷ್ಯ. ಅವನೇ ಕೆಂದಳಿಲು ಕೆಂಚ. ಮೈ ಕೆಂಪು, ಬಾಲ ಮೈಗಿಂತ ಉದ್ದ, ನಾಲಿಗೆ ಬಾಲಕ್ಕಿಂತ ಉದ್ದ. ಅವನ ಹಲ್ಲು ಬಲು ಚುರುಕು. ಹೊತ್ತು ಹುಟ್ಟುವಾಗ ಕಚ್ಚಲು ಶುರುಮಾಡಿದರೆ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ತೊಡೆ ಗಾತ್ರದ ಮರ ಮಲಗಿಸುತ್ತಿದ್ದ. ಗೆರೆ ಎಳೆದ ಕಡೆ ನೇರ ಕತ್ತರಿಸುತ್ತಿದ್ದ. ಎಲ್ಲ ಬರುತ್ತಿತ್ತು ಅವನಿಗೆ. ಕಾಯುವುದೊಂದು ಬರುತ್ತಿರಲಿಲ್ಲ.

ಎರಡು ಮರ ಸೇರಿಸಬೇಕಾದರೆ ಒಂದರ ತುದಿ ಮೇಲೆ ಇನ್ನೊಂದರ ತುದಿ ಕೂರಿಸಿ, ಎರಡಕ್ಕೂ ಕೂಡಿ ಬರುವಂತೆ ತೂತು ಕೊರೆದು, ಅದರಲ್ಲಿ ಮರದ ಗೂಟ ಹೊಡೆಯಬೇಕು. ಅದಕ್ಕೆ ಬೆಣೆ ಅನ್ನುತ್ತಾರೆ. ಕುಟ್ಟಜ್ಜ ಜಾಲಿ ಮರದ ಗಟ್ಟಿ ತಿರುಳಿನಿಂದ ಬೆಣೆ ಕೆತ್ತುತ್ತಿದ್ದ. ಕೆತ್ತಿದ್ದನ್ನು ಮಳೆ ಬೀಳದ, ಬಿಸಿಲು ತಾಗುವ ಒಂದು ಬಂಡೆಯ ಸೀಳಿನಲ್ಲಿ ಇಡುತ್ತಿದ್ದ. ಒಂದು ವರ್ಷ ಪೂರ್ತಿ ಒಣಗದೆ ಅದನ್ನು ಮುಟ್ಟುತ್ತಿರಲಿಲ್ಲ.

ಒಂದು ದಿನ ಕೆಂಚ ಕೇಳಿದ, “ಅಜ್ಜ, ಇವತ್ತು ಕಡಿದ ಬೆಣೆನ ಇವತ್ತೇ ಹೊಡೆದರೆ ಏನಾಗುತ್ತೆ?”

“ಇವತ್ತು ಏನೂ ಆಗಲ್ಲ.”

“ಮತ್ತೇನು ತೊಂದರೆ?”

“ಇವತ್ತು ಏನೂ ಆಗಲ್ಲ ಅನ್ನೋದೇ ತೊಂದರೆ ಕಣೋ,” ಅಂದ ಕುಟ್ಟಜ್ಜ. “ಹಸಿ ಬೆಣೆ ಅಂದರೆ ನೀರು ಕುಡಿದು ಹೊಟ್ಟೆ ತುಂಬಿರೋ ಬೆಣೆ. ಹೊಡೆದಾಗ ಬಿಗಿಯಾಗೇ ಕೂರುತ್ತೆ. ಬಿಸಿಲು ಬಂತು ಅಂದರೆ ಸೊರಗಿ ಕಳಚಿಕೊಳ್ಳುತ್ತೆ. ಬೆಣೆಗೆ ಬಾಯಾರಿಕೆ ಇರಬೇಕು. ಬಾಯಾರಿದ ಬೆಣೆ ಗಾಳೀಲಿರೋ ತೇವ ಹೀರಿ ಉಬ್ಬುತ್ತೆ, ತೂತನ್ನ ಅಪ್ಪಿಕೊಳ್ಳುತ್ತೆ. ಆಮೇಲೆ ಆನೆ ಎಳೆದರೂ ಬರಲ್ಲ.”

ಕೆಂಚ ಆಕಳಿಸಿದ. ಸ್ವಲ್ಪ ದಿನಕ್ಕೆ ಕುಟ್ಟಜ್ಜನ ಹತ್ತಿರ ಬರುವುದನ್ನೇ ಬಿಟ್ಟ. ದಾರಿಯಲ್ಲಿ ಸಿಕ್ಕ ಮುಸುವ ಕೇಳಿದ, “ಏನಯ್ಯಾ, ಕೆಲಸ ಪೂರ್ತಿ ಕಲಿತೆಯಾ?” ಈ ಮುಸುವ ಅಂದರೆ ಕರಿಮೂತಿಯ ಉದ್ದಬಾಲದ ಕೋತಿ, ಕಾಡಿನ ಸುದ್ದಿಯೆಲ್ಲ ಅವನ ಬಾಯಲ್ಲೇ.

“ಕಲಿಯೋದೆಲ್ಲ ಕಲಿತೆ. ಕಾಯೋದೊಂದು ಬಾಕಿ. ಅದು ಕೆಲಸ ಅಲ್ಲವಲ್ಲ, ಮುದುಕರ ಸೋಮಾರಿತನ,” ಅಂದ ಕೆಂಚ.

ಆ ಕಾಡಿನ ನಡುವೆ ಒಂದು ಆಳವಾದ ಕೊರಕಲು ಇತ್ತು. ಎಷ್ಟು ಆಳ ಅಂದರೆ, ಮೇಲಿಂದ ಬಿದ್ದ ಕಲ್ಲು ಕೆಳಗೆ ತಲುಪುವಷ್ಟರಲ್ಲಿ ಪಾಚಿ ಕಟ್ಟುತ್ತಿತ್ತು. ಕೊರಕಲಿನ ಈಚೆ ಒಂದು ಹೊಂಡ. ಬೇಸಿಗೆಯಲ್ಲಿ ಅದು ಬತ್ತುತ್ತಿತ್ತು. ಆಚೆ ಒಂದು ಮಡು. ಅದು ಎಂದೂ ಬತ್ತುತ್ತಿರಲಿಲ್ಲ. ಕೊರಕಲಿಗೆ ಅಡ್ಡವಾಗಿ ಯಾವುದೋ ಕಾಲದಲ್ಲಿ ಒಂದು ಮಹಾಮರ ಬಿದ್ದಿತ್ತು. ಬೇಸಿಗೆ ಬಂದರೆ ಜಿಂಕೆ, ಕಡವೆ, ಹಂದಿ, ಮೊಲ ಎಲ್ಲ ಅದರ ಮೇಲೆ ನಡೆದು ಆಚೆಯ ಮಡುವಿಗೆ ಹೋಗುತ್ತಿದ್ದವು. ಕೊರಕಲನ್ನು ಸುತ್ತಿ ಹೋಗಲು ದಾರಿ ಇತ್ತು. ಆದರೆ ಆ ದಾರಿ ಹಿಡಿದರೆ ಮರಿಗಳು ನೀರು ಕಾಣುವ ಮುಂಚೆಯೇ ಬೀಳುತ್ತಿದ್ದವು.

ಒಂದು ಮಳೆಗಾಲದಲ್ಲಿ ಕೊರಕಲ ದಂಡೆ ಕುಸಿಯಿತು. ಮಹಾಮರ ಕೆಳಗೆ ಹೋಯಿತು.

ಕಾಡಿನವರೆಲ್ಲ ಬಸರಿಮರದ ಕೆಳಗೆ ಸೇರಿದರು. ಅವರಿಗೆಲ್ಲ ಹಿರಿಯಳು ಒಬ್ಬ ಮುದಿ ಕಡವೆ. ಎಲ್ಲರೂ ಅವಳನ್ನು ದೊಡ್ಡವ್ವ ಅನ್ನುತ್ತಿದ್ದರು. ಅವಳ ಮೊಮ್ಮಗ ಆಗಷ್ಟೇ ಹುಟ್ಟಿದ್ದ. ಕಾಲು ಇನ್ನೂ ನಡುಗುತ್ತಿತ್ತು.

“ಬೇಸಿಗೆ ಹೊತ್ತಿಗೆ ದಾರಿ ಆಗಲೇಬೇಕು. ಇಲ್ಲದಿದ್ದರೆ ಈ ವರ್ಷ ಹುಟ್ಟಿದ ಒಂದು ಮರಿಯೂ ಉಳಿಯಲ್ಲ,” ಅಂದಳು ದೊಡ್ಡವ್ವ. “ಕುಟ್ಟಣ್ಣ, ನೀನು ಏನಂತೀ?”

ಕುಟ್ಟಜ್ಜ ತಲೆ ಓರೆ ಮಾಡಿ ಯೋಚಿಸಿದ. “ಒಂದೇ ಮರ ಅಷ್ಟು ಉದ್ದ ಸಿಗಲ್ಲ ಕಣವ್ವ. ಎರಡು ಮರ ಸೇರಿಸಬೇಕು. ಬಿದ್ದು ಒಣಗಿರೋ ಮತ್ತಿ ಮರ ಎರಡು ಇವೆ. ನಡುವೆ ಅವು ಕೂಡೋ ಬೆಸುಗೆಗೆ ಐದು ಬೆಣೆ ಬೇಕು. ಐದು ಜಾಲಿ ಬೆಣೆ ಕೆತ್ತಿ ಬಂಡೆ ಸೀಳಲ್ಲಿ ಇಟ್ಟಿದ್ದೀನಿ. ಶಿವರಾತ್ರಿ ಕಳೆದರೆ ಒಣಗುತ್ತವೆ. ಆಗ ಕೂರಿಸಿಕೊಡ್ತೀನಿ.”

“ಶಿವರಾತ್ರಿಗೆ ಹೊಂಡದಲ್ಲಿ ಕೆಸರು ಮಾತ್ರ ಇರುತ್ತೆ,” ಅಂದಿತು ಒಂದು ಜಿಂಕೆ.

“ಕೆಸರು ಬತ್ತೋದರೊಳಗೆ ಆಗುತ್ತೆ ತಾಯಿ.”

“ನಡುವೆ ನಿನಗೆ ಏನಾದರೂ ಆದರೆ? ನೀನೂ ಮುದುಕ,” ಅಂತ ಹಂದಿ ನೆಲ ಕೆದರಿದ.

ಆಗ ಮೇಲಿನ ಕೊಂಬೆಯಿಂದ ಕೆಂಚ ಇಳಿದ. ಬಾಲ ಬೀಸಿದ. “ಯಾಕವ್ವ ಇಷ್ಟು ಸಂಕಟ? ಅಜ್ಜನಿಗೆ ವಯಸ್ಸಾಯ್ತು, ಪಾಪ. ದೀಪಾವಳಿ ಬರೋದರೊಳಗೆ ನಾನು ಸೇತುವೆ ಕಟ್ಟಿಕೊಡ್ತೀನಿ. ಕೊರಕಲ ದಂಡೇಲಿರೋ ಆ ಕಾಡುಮಾವಿನ ಮರ ನನ್ನದು ಅಂತ ಎಲ್ಲರೂ ಒಪ್ಪಿಕೊಳ್ಳಿ. ಕಾಡಿನ ಮೇಸ್ತ್ರಿ ಅಂತ ಕರೀರಿ. ಅಷ್ಟೇ ಸಾಕು.”

ದೀಪಾವಳಿ ಅಂದ ಕೂಡಲೇ ಎಲ್ಲರ ಕಿವಿ ನೆಟ್ಟಗಾಯಿತು. ಎಲ್ಲರೂ ತಮ್ಮ ತಮ್ಮ ಮರಿಯ ಮುಖ ನೋಡಿದರು. ದೊಡ್ಡವ್ವನೂ ನೋಡಿದಳು. ಆದರೂ ಅವಳು ಒಂದು ಮಾತು ಹೇಳಿದಳು, “ಆಗಲಪ್ಪ. ಆದರೆ ಕುಟ್ಟಣ್ಣ ಬೆಣೆ ಕುಟ್ಟಿ ನೋಡಿ ಸರಿ ಅಂದರೆ ಮಾತ್ರ ನಾವು ಕಾಲಿಡೋದು.”

ಕುಟ್ಟಜ್ಜನಿಗೆ ನೋವಾಯಿತು. ಅವನು ಅದನ್ನು ತೋರಿಸಲಿಲ್ಲ. “ಕೂರಿಸಿದ ಮೇಲೆ ಕರಿಯೋ,” ಅಂತ ಹೇಳಿ ಹಾರಿಹೋದ.

ಕೆಂಚ ಕೆಲಸ ಶುರುಮಾಡಿದ. ಮತ್ತಿ ಮರದ ತುದಿಗಳನ್ನು ಅರ್ಧರ್ಧ ಸೀಳಿ ಒಂದರೊಳಗೊಂದು ಕೂರುವಂತೆ ಕತ್ತರಿಸಿದ. ಅದರಲ್ಲಿ ಮೋಸವಿರಲಿಲ್ಲ. ಕೂದಲು ತೂರದಷ್ಟು ಬಿಗಿಯಾಗಿ ಕೂತಿತು. ತೂತನ್ನೂ ಚೆನ್ನಾಗೇ ಕೊರೆದ. ಬೆಣೆಗೆ ಬಂದಾಗ ಅವನ ಹಳೇ ಚಾಳಿ ಎದ್ದಿತು. ಆಗ ತಾನೇ ಕಡಿದ ಹಸಿ ಜಾಲಿಯಿಂದ ಐದು ಬೆಣೆ ಕೆತ್ತಿದ. ಕೆತ್ತುವಾಗಲೇ ಅವು ಒದ್ದೆಯಾಗಿದ್ದವು. ಇವನ್ನು ಕುಟ್ಟಿದರೆ ದೊಬ್ ಅಂತ ಸತ್ತ ಸದ್ದು ಬರುತ್ತೆ, ಅಜ್ಜ ಹಿಡಿದುಬಿಡುತ್ತಾನೆ ಅಂತ ಅವನಿಗೆ ಗೊತ್ತಿತ್ತು.

ಕೆಂಚ ಬಂಡೆಯ ಸೀಳಿಗೆ ಹೋದ. ಅಲ್ಲಿ ಕುಟ್ಟಜ್ಜನ ಐದು ಬೆಣೆ ಮಲಗಿದ್ದವು. ಹಿಂದಿನ ಬೇಸಿಗೆಯ ಬಿಸಿಲು ಕುಡಿದು ಅವು ಆಗಲೇ ಮುಕ್ಕಾಲು ಒಣಗಿದ್ದವು. ಅದರಲ್ಲಿ ಒಂದನ್ನು ಕದ್ದ. ಅದನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿದ. ಪ್ರತಿ ಹಸಿ ಬೆಣೆಯ ತಲೆಯ ಮೇಲೂ ಒಂದೊಂದು ಒಣ ಬಿಲ್ಲೆ ಇಟ್ಟು, ಮರದ ಅಂಟಿನಿಂದ ಅಂಟಿಸಿ, ಮಣ್ಣು ಉಜ್ಜಿದ. ನೋಡಿದರೆ ಒಂದೇ ತುಂಡು. ಬ್ರಹ್ಮ ಬಂದು ನೋಡಿದರೂ ಗೊತ್ತಾಗುತ್ತಿರಲಿಲ್ಲ. ಈ ಜಾಣತನದಲ್ಲಿ ಅರ್ಧವನ್ನು ಕಾಯುವುದಕ್ಕೆ ಖರ್ಚು ಮಾಡಿದ್ದರೆ, ಅವನು ಕುಟ್ಟಜ್ಜನಿಗಿಂತ ದೊಡ್ಡ ಬಡಗಿ ಆಗುತ್ತಿದ್ದ.

ಸೇತುವೆ ಕೂತಿತು. ಆನೆ ಬಂದು ಮರಗಳನ್ನು ಎತ್ತಿ ಇಟ್ಟುಕೊಟ್ಟಿತು. ಕೆಂಚ ಐದು ಬೆಣೆ ಹೊಡೆದ. ಕುಟ್ಟಜ್ಜನನ್ನು ಕರೆದರು.

ಅವತ್ತು ಮಳೆ ಜೋರಾಗಿತ್ತು. ಕುಟ್ಟಜ್ಜನ ಮುದಿ ರೆಕ್ಕೆ ನೆನೆದು ತೂಗುತ್ತಿತ್ತು. ಅವನು ಬೆಸುಗೆಯ ಮೇಲೆ ಕೂತು ಒಂದೊಂದೇ ಬೆಣೆಯ ತಲೆ ಕುಟ್ಟಿದ. ಟಣ್. ಟಣ್. ಒಣಗಿದ ಸದ್ದೇ ಬಂತು.

“ಇಷ್ಟು ಬೇಗ ಒಣಗಿದ ಜಾಲಿ ಎಲ್ಲಿ ಸಿಕ್ಕಿತೋ ನಿನಗೆ?”

“ನಿಂತಲ್ಲೇ ಸತ್ತು ಒಣಗಿದ ಮರ ಒಂದು ಸಿಕ್ಕಿತು ಅಜ್ಜ. ನನ್ನ ಪುಣ್ಯ,” ಅಂದ ಕೆಂಚ.

ಬೆಣೆಯ ಕೆಳತುದಿಯನ್ನೂ ಕುಟ್ಟಿ ನೋಡುವುದು ಕುಟ್ಟಜ್ಜನ ಪದ್ಧತಿ. ಅದಕ್ಕೆ ಸೇತುವೆಯ ಕೆಳಗೆ ತಲೆಕೆಳಗಾಗಿ ಜೋತುಬೀಳಬೇಕು. ರೆಕ್ಕೆ ಭಾರವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಕಾಡಿನವರೆಲ್ಲ ನೋಡುತ್ತಾ ನಿಂತಿದ್ದರು. ತಾನೇ ಕಲಿಸಿದವನನ್ನು ಅಷ್ಟು ಜನರ ಮುಂದೆ ಅನುಮಾನಿಸಲು ಅವನಿಗೆ ಮನಸ್ಸು ಬರಲಿಲ್ಲ.

“ಸರಿಯಾಗಿದೆ ಕಣವ್ವ,” ಅಂದ.

ಆ ಒಂದು ಮಾತು ಸಾಕಾಯಿತು. ಎಲ್ಲರೂ ಸೇತುವೆಯ ಮೇಲೆ ಓಡಾಡಿ ನೋಡಿದರು. ಹಂದಿ ಕುಣಿದೂ ನೋಡಿದ. ಸೇತುವೆ ಮಿಸುಕಲಿಲ್ಲ. ಮಾವಿನ ಮರ ಕೆಂಚನದಾಯಿತು. ಅಂದಿನಿಂದ ಅವನು ಕೆಂಚಮೇಸ್ತ್ರಿ.

ಮಳೆ ನಿಂತಿತು. ಚಳಿ ಬಂದು ಹೋಯಿತು. ಆಮೇಲೆ ಬಿಸಿಲು ಬಂತು. ಆ ವರ್ಷದ ಬಿಸಿಲು ಹೇಗಿತ್ತು ಅಂದರೆ, ಹಾವುಗಳು ತಮ್ಮ ನೆರಳಿನಲ್ಲೇ ಸುರುಳಿ ಸುತ್ತಿ ಮಲಗಿದವು. ಹೊಂಡದ ನೀರು ದಿನಕ್ಕಿಷ್ಟು ಅಂತ ಇಳಿಯಿತು. ಸೇತುವೆಯ ಬೆಣೆಯೊಳಗಿನ ನೀರೂ ಇಳಿಯಿತು. ಅದು ಯಾರಿಗೂ ಕಾಣಲಿಲ್ಲ.

ಮೊದಲು ಕಂಡಿದ್ದು ಕೆಂಚನಿಗೇ. ಒಂದು ಬೆಳಿಗ್ಗೆ ಅವನು ಸೇತುವೆಯ ಮೇಲೆ ಹೋಗುವಾಗ ಒಂದು ಬೆಣೆಯ ಬಿಲ್ಲೆ ಬಿಟ್ಟುಕೊಂಡು ಬಿದ್ದಿತ್ತು. ಕೆಳಗಿನ ಬೆಣೆ ಸೊರಗಿ, ತೂತಿನಲ್ಲಿ ಅಲ್ಲಾಡುತ್ತಿತ್ತು. ಕೆಂಚ ಸುತ್ತ ನೋಡಿದ. ಯಾರೂ ಇರಲಿಲ್ಲ. ಅಂಟು ತಂದು ಬಿಲ್ಲೆ ಅಂಟಿಸಿದ. ಕೆಲವು ದಿನ ಕಳೆದ ಮೇಲೆ ಒಂದು ಬೆಣೆ ಪೂರ್ತಿ ಜಾರಿ ಕೊರಕಲಿಗೆ ಬಿತ್ತು. ಅವನು ತೂತಿಗೆ ಮಣ್ಣು ಮೆತ್ತಿದ. ಇನ್ನೊಂದು ಬಿತ್ತು. ಅದಕ್ಕೂ ಮಣ್ಣು ಮೆತ್ತಿದ. ಹೇಳಿಬಿಡೋಣ ಅನ್ನಿಸುತ್ತಿತ್ತು. ಮಾವಿನ ಮರದಲ್ಲಿ ಕಾಯಿ ಹಣ್ಣಾಗುತ್ತಿತ್ತು. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಇನ್ನೇನು ಮಳೆ ಬರುತ್ತೆ, ಮರ ಉಬ್ಬುತ್ತೆ, ಎಲ್ಲ ಸರಿಹೋಗುತ್ತೆ ಅಂತ ಅವನು ದಿನ ತಳ್ಳಿದ.

ಕೆಂಚನಿಗೆ ಒಬ್ಬಳೇ ಮಗಳು, ಚಿನ್ನಿ. ಅವಳಿಗೂ ದೊಡ್ಡವ್ವನ ಮೊಮ್ಮಗನಿಗೂ ಬಲು ಗೆಳೆತನ. ಆ ಮರಿಯ ಬೆನ್ನೇರಿ ಕಾಡೆಲ್ಲ ಸುತ್ತುತ್ತಿದ್ದಳು. ಕೆಂಚ ಅವಳಿಗೆ ಹೇಳಿದ, “ಸೇತುವೆ ಮೇಲೆ ಹೋಗಬೇಡ. ನೀರು ಬೇಕಾದರೆ ಮರದ ಪೊಟರೇಲಿ ಇದೆ.”

“ಯಾಕಪ್ಪ?” ಅಂದಳು ಚಿನ್ನಿ. “ನೀನೇ ಕಟ್ಟಿದ್ದು ಅಲ್ವಾ?”

ಕೆಂಚ ಒಂದು ಮಾವಿನ ಹಣ್ಣು ಕಿತ್ತು ಅವಳ ಕೈಗಿಟ್ಟ.

ಒಂದು ದಿನ ಹೊಂಡ ಪೂರ್ತಿ ಬತ್ತಿತು. ಅಲ್ಲಿಯ ತನಕ ಒಬ್ಬೊಬ್ಬರೇ, ಇಬ್ಬಿಬ್ಬರೇ ಸೇತುವೆ ದಾಟುತ್ತಿದ್ದರು. ಅವತ್ತು ಎಲ್ಲರೂ ಒಟ್ಟಿಗೆ ಹೊರಟರು. ಮುಂದೆ ದೊಡ್ಡವ್ವ. ಅವಳ ಹಿಂದೆ ತಾಯಂದಿರು, ಮರಿಗಳು. ಬಿಸಿಲು ಏರಿತ್ತು. ಮರಿಗಳ ನಾಲಿಗೆ ಹೊರಬಿದ್ದಿತ್ತು. ಮಾವಿನ ಮರದ ಮೇಲೆ ಕೂತಿದ್ದ ಕೆಂಚ ಸಾಲನ್ನು ನೋಡುತ್ತಿದ್ದ. ಸಾಲಿನ ಕೊನೆಯಲ್ಲಿ ದೊಡ್ಡವ್ವನ ಮೊಮ್ಮಗ ಬರುತ್ತಿದ್ದ. ಅವನ ಬೆನ್ನ ಮೇಲೆ ಚಿನ್ನಿ ಕೂತಿದ್ದಳು.

ಕೆಂಚ ಬಾಯಿ ತೆರೆದ. ಸಾಲಿನ ಮುಂದಿದ್ದವರು ಆಗಲೇ ಸೇತುವೆಯ ಮೇಲಿದ್ದರು. ಕೂಗಿದರೆ ಗಾಬರಿಯಾಗಿ ಓಡುತ್ತಾರೆ. ಓಡಿದರೆ ಸೇತುವೆ ಮುರಿಯುತ್ತೆ. ಅವನು ಕೊಂಬೆಯಿಂದ ಕೊಂಬೆಗೆ ಹಾರಿ ಕುಟ್ಟಜ್ಜನ ಗೂಡಿಗೆ ಓಡಿದ.

“ಅಜ್ಜ, ಬೆಣೆ ಹಸೀದು,” ಅಂದ. ಇನ್ನೇನೂ ಹೇಳಲು ಅವನಿಗೆ ಉಸಿರಿರಲಿಲ್ಲ.

ಕುಟ್ಟಜ್ಜ ಅವನ ಮುಖ ನೋಡಿದ. ಬೈಯಲಿಲ್ಲ. ಯಾಕೆ ಅಂತಲೂ ಕೇಳಲಿಲ್ಲ. “ಸೀಳಲ್ಲಿರೋದನ್ನೆಲ್ಲ ಹೊತ್ತು ತಾ,” ಅಂತ ಹೇಳಿ ಸೇತುವೆಯ ಕಡೆ ಹಾರಿದ.

ಅಷ್ಟು ಹೊತ್ತಿಗೆ ಸಾಲು ಪೂರ್ತಿ ಸೇತುವೆಯ ಮೇಲಿತ್ತು. ನಡುವಿನ ಬೆಸುಗೆ ಕಿರ್ ಅಂತ ಬಾಯಿ ಬಿಟ್ಟಿತ್ತು. ಮರ ಒಂದು ಗೇಣು ಕೆಳಗೆ ಬಾಗಿತ್ತು. ಎಲ್ಲರೂ ನಿಂತಲ್ಲೇ ನಡುಗುತ್ತಿದ್ದರು. ಕಿರಿದಾದ ಮರ. ಹಿಂದೆ ತಿರುಗಲು ಜಾಗವಿಲ್ಲ.

“ಯಾರೂ ಅಲ್ಲಾಡಬೇಡಿ,” ಅಂತ ದೊಡ್ಡವ್ವ ಮೆಲ್ಲಗೆ ಹೇಳಿದಳು. “ಮರಿಗಳಾ, ಅವ್ವನ ಬಾಲ ನೋಡ್ತಾ ನಿಲ್ಲಿ. ಕೆಳಗೆ ನೋಡಬೇಡಿ.”

ಕುಟ್ಟಜ್ಜ ಸೇತುವೆಯ ಕೆಳಗೆ ಹೋಗಿ ತಲೆಕೆಳಗಾಗಿ ಜೋತುಬಿದ್ದ. ಮಳೆಯ ದಿನ ಮಾಡದೆ ಬಿಟ್ಟ ಕೆಲಸವನ್ನು ಈಗ ಮಾಡಿದ. ಅಷ್ಟರಲ್ಲಿ ಇನ್ನೊಂದು ಬೆಣೆಯೂ ಬಿದ್ದು, ಮೆತ್ತಿದ ಮಣ್ಣು ಉದುರಿ, ಐದರಲ್ಲಿ ಮೂರು ತೂತು ಬರಿದಾಗಿದ್ದವು. ಎರಡು ಬೆಣೆ ಹಲ್ಲು ಸಡಿಲವಾದ ಹಾಗೆ ತೂಗುತ್ತಿದ್ದವು. ಕೆಂಚ ಬೆಣೆಗಳನ್ನು ಹೊತ್ತು ಬಂದು ಪಕ್ಕದಲ್ಲಿ ಜೋತುಬಿದ್ದ. ಒಂದೊಂದಾಗಿ ಕೊಟ್ಟ. ಕುಟ್ಟಜ್ಜ ಕೆಳಗಿನಿಂದ ತೂತಿಗೆ ಇಟ್ಟು ಕೊಕ್ಕಿನಿಂದ ಹೊಡೆದ. ಒಂದು ಕೂತಿತು. ಎರಡು ಕೂತಿತು. ಮೂರನೆಯದು ಕೂರುವಾಗ ಅವನ ಹಣೆಯಿಂದ ರಕ್ತ ಇಳಿಯುತ್ತಿತ್ತು. ತೂಗುತ್ತಿದ್ದ ಎರಡೂ ಹಸಿ ಬೆಣೆ ಆಗಲೇ ಜಾರಿ ಬಿದ್ದವು. ಮರ ಮತ್ತೆ ಕಿರುಗುಟ್ಟಿತು. ನಾಲ್ಕನೆಯದನ್ನು ಹೊಡೆದ.

“ಇನ್ನೊಂದು ಕೊಡು.”

“ಇಲ್ಲ ಅಜ್ಜ.”

“ಐದು ಇತ್ತಲ್ಲೋ?”

ಕೆಂಚ ಕಣ್ಣು ಮುಚ್ಚಿಕೊಂಡ. “ಒಂದನ್ನ ನಾನೇ ಕದ್ದು ಬಿಲ್ಲೆ ಮಾಡಿದೆ. ನಿನ್ನ ಕಿವಿಗೆ ಮೋಸ ಮಾಡೋಕೆ.”

ಕುಟ್ಟಜ್ಜ ಬೆಸುಗೆಯ ಕಡೆ ನೋಡಿದ. ನಡುವಿನ ತೂತು ಬರಿದಾಗಿತ್ತು. ಭಾರವೆಲ್ಲ ಬೀಳುವುದು ಅಲ್ಲೇ. ಮೇಲೆ ಒಂದು ಮರಿ ಅಮ್ಮಾ ಅಂದಿತು.

“ನಿನ್ನ ಮಗಳು ಯಾವ ಕಡೆ ಇದ್ದಾಳೆ?”

“ಕೊನೇಲಿ.”

“ಹೋಗಿ ದೊಡ್ಡವ್ವನಿಗೆ ಹೇಳು. ಒಬ್ಬೊಬ್ಬರಾಗಿ ನಡೀಲಿ. ಓಡೋದು ಬೇಡ. ಎಲ್ಲರೂ ದಾಟೋವರೆಗೂ ನಾನು ಹಿಡಿದಿರ್ತೀನಿ.”

“ಅಜ್ಜ, ನೀನು ಹಾರಿಹೋಗು. ತಪ್ಪು ನನ್ನದು.”

“ಬೆಣೆ ಸರಿಯಾಗಿದೆ ಅಂತ ಅವರಿಗೆ ಹೇಳಿದವನು ನೀನಲ್ಲ ಕಣೋ,” ಅಂದ ಕುಟ್ಟಜ್ಜ. “ನಾನು.”

ಹೀಗೆ ಹೇಳಿ ತನ್ನ ಮೊಳದುದ್ದದ ಕೊಕ್ಕನ್ನು ಆ ತೂತಿಗೆ ಇಟ್ಟ. ಕಾಲುಗುರುಗಳನ್ನು ಮರಕ್ಕೆ ನಾಟಿದ. ಇದ್ದ ಬಲವನ್ನೆಲ್ಲ ಕೂಡಿಸಿ ಒಳಗೆ ತಳ್ಳಿದ. ಎಷ್ಟೋ ಬೇಸಿಗೆ ಕಂಡ ಕೊಕ್ಕು ಅದು. ಅದಕ್ಕಿಂತ ಒಣಗಿದ ಬೆಣೆ ಆ ಕಾಡಿನಲ್ಲಿ ಎಲ್ಲೂ ಇರಲಿಲ್ಲ. ಬೆಸುಗೆಯ ಬಾಯಿ ಮುಚ್ಚಿತು. ಬಾಗಿದ ಮರ ಮೇಲೆದ್ದಿತು.

ದೊಡ್ಡವ್ವ ಮೊದಲ ಹೆಜ್ಜೆ ಇಟ್ಟಳು. ಹಿಂದೆ ಒಬ್ಬೊಬ್ಬರಾಗಿ ನಡೆದರು. ಪ್ರತಿ ಗೊರಸಿನ ಭಾರವೂ ಕುಟ್ಟಜ್ಜನ ಕುತ್ತಿಗೆಗೆ ಇಳಿಯಿತು. ಜಿಂಕೆಗಳು ದಾಟಿದವು. ಹಂದಿ ದಾಟಿದ. ಎಲ್ಲರಿಗಿಂತ ಕೊನೆಗೆ ದೊಡ್ಡವ್ವನ ಮೊಮ್ಮಗ ದಾಟಿದ. ಅವನ ಬೆನ್ನ ಮೇಲೆ ಚಿನ್ನಿ ಕಿವಿ ಹಿಡಿದು ಕೂತಿದ್ದಳು. ಆಚೆ ದಂಡೆ ಮುಟ್ಟಿದ ಕೂಡಲೇ ಮರಿಗಳೆಲ್ಲ ಮಡುವಿಗೆ ಬಿದ್ದು ನೀರು ಕುಡಿದವು. ಅವಕ್ಕೆ ಏನೂ ಗೊತ್ತಿರಲಿಲ್ಲ.

ಕೆಂಚ ಸೇತುವೆಯ ಕೆಳಗೆ ಓಡಿದ. “ಅಜ್ಜ, ಎಲ್ಲರೂ ದಾಟಿದರು. ಸಾಕು, ಬಾ.”

ಕುಟ್ಟಜ್ಜನ ರೆಕ್ಕೆ ಎರಡೂ ಕೆಳಗೆ ಇಳಿಬಿದ್ದಿದ್ದವು. ಗಾಳಿಗೆ ಅಲ್ಲಾಡುತ್ತಿದ್ದವು. ಅವನು ಬರಲಿಲ್ಲ.

ಸಂಜೆ ಎಲ್ಲರೂ ಆ ದಂಡೆಯಲ್ಲೇ ಸೇರಿದರು. ಕೆಂಚ ತಾನು ಮಾಡಿದ್ದನ್ನೆಲ್ಲ ಹೇಳಿದ. ಒಂದನ್ನೂ ಮುಚ್ಚಿಡಲಿಲ್ಲ. ಹಂದಿ ಅವನನ್ನು ಕೋರೆಯಿಂದ ಸೀಳಲು ಬಂದ. ದೊಡ್ಡವ್ವ ತಡೆದಳು.

ಮುಸುವ ಕೆಳಗೆ ಹೋಗಿ ನೋಡಿ ಬಂದ. ಯಾವಾಗಲೂ ಹರಟುವವನು ಅವತ್ತು ಮೆಲ್ಲಗೆ ಮಾತಾಡಿದ. “ಅಜ್ಜನ್ನ ಇಳಿಸಿದರೆ ಸೇತುವೆ ಹೋಗುತ್ತೆ ಕಣವ್ವ. ಕೊಕ್ಕು ಒಂದೇ ನಡುವನ್ನ ಹಿಡಿದಿರೋದು.”

“ಸೇತುವೆ ಹೋದರೆ ಮರಿಗಳು ಹೋಗುತ್ತವೆ,” ಅಂದಳು ದೊಡ್ಡವ್ವ. ಆಮೇಲೆ ಕೆಂಚನ ಕಡೆ ತಿರುಗಿದಳು. “ಒಂದು ಬೆಣೆ ಮಾಡಿಕೊಡಪ್ಪ. ಸರಿಯಾದ ಬೆಣೆ. ಅದನ್ನ ಹಾಕಿ ಕುಟ್ಟಣ್ಣನ್ನ ಇಳಿಸಿ ಮಣ್ಣು ಮಾಡೋಣ. ಎಷ್ಟು ದಿನ ಬೇಕು ನಿನಗೆ?”

ಕೆಂಚ ಬಂಡೆಯ ಸೀಳಿನ ಕಡೆ ನೋಡಿದ. “ಒಂದು ವರ್ಷ,” ಅಂದ.

ಆ ಬೇಸಿಗೆಯೆಲ್ಲ ಅವರು ಕುಟ್ಟಜ್ಜನ ಮೇಲೆ ನಡೆದು ನೀರಿಗೆ ಹೋದರು. ನಡುವಿನ ಬೆಸುಗೆ ಬಂದಾಗ ತಾಯಂದಿರು ತಲೆ ತಗ್ಗಿಸುತ್ತಿದ್ದರು. ಮರಿಗಳಿಗೆ ಅಲ್ಲಿ ಗೊರಸು ಊರಲು ಹೆದರಿಕೆ. ದೊಡ್ಡವ್ವನ ಮೊಮ್ಮಗ ಒಂದು ದಿನ ಅಲ್ಲಿ ನಿಂತು ಕೇಳಿದ, “ಅಜ್ಜಿ, ಅವನಿಗೆ ನೋಯುತ್ತಾ?” ದೊಡ್ಡವ್ವ, “ನಡೀ ಕಂದ, ಬಿಸಿಲಾಗುತ್ತೆ,” ಅಂದಳು.

ಕೆಂಚ ಮಾವಿನ ಮರದ ಕಡೆ ಮತ್ತೆ ಹೋಗಲಿಲ್ಲ. ಹಣ್ಣು ಉದುರಿ ಕೊಳೆಯಿತು. ಅವನನ್ನು ಯಾರೂ ಮೇಸ್ತ್ರಿ ಅನ್ನಲಿಲ್ಲ. ಬೈಯಲೂ ಇಲ್ಲ. ಅವನು ಜಾಲಿಯ ತಿರುಳಿನಿಂದ ಒಂದು ಬೆಣೆ ಕೆತ್ತಿದ. ಬಂಡೆಯ ಸೀಳಿನಲ್ಲಿ ಇಟ್ಟ. ಅದರ ಪಕ್ಕ ಕೂತ. ಬಿಸಿಲು ಸರಿದ ಕಡೆಗೆ ಬೆಣೆಯನ್ನು ಸರಿಸಿದ. ಮಂಜು ಬಿದ್ದಾಗ ತನ್ನ ಬಾಲ ಹೊದಿಸಿದ. ಹುಳ ಹತ್ತದಂತೆ ದಿನವೂ ತಿರುವಿ ನೋಡಿದ. ಅಲ್ಲಿಂದ ಸೇತುವೆ ಕಾಣುತ್ತಿತ್ತು. ಸೇತುವೆಯ ಕೆಳಗೆ ತೂಗುತ್ತಿದ್ದುದೂ ಕಾಣುತ್ತಿತ್ತು. ಅವನು ಮುಖ ತಿರುಗಿಸಲಿಲ್ಲ. ಹೊತ್ತು ಹುಟ್ಟುವುದನ್ನು, ಮುಳುಗುವುದನ್ನು ಅವನು ಮೊದಲ ಸಲ ಪೂರ್ತಿ ಕೂತು ನೋಡಿದ. ಒಂದು ದಿನ ಅನ್ನುವುದು ಎಷ್ಟು ಉದ್ದ ಅಂತ ಅವನಿಗೆ ಅಲ್ಲಿಯ ತನಕ ಗೊತ್ತಿರಲಿಲ್ಲ.

ಮಳೆ ಬಂತು. ಕುಟ್ಟಜ್ಜನ ಗರಿಗಳು ಕೊಚ್ಚಿಹೋದವು. ಮತ್ತಿ ಮರ ನೀರು ಕುಡಿದು ಉಬ್ಬಿತು. ಚಳಿ ಬಂತು. ಉಳಿದದ್ದನ್ನು ಇರುವೆಗಳು ಒಯ್ದವು. ಮತ್ತೆ ಬೇಸಿಗೆ ಬಂದಾಗ ಅಲ್ಲಿ ಕೊಕ್ಕು ಮಾತ್ರ ಇತ್ತು.

ವರ್ಷ ತುಂಬಿದ ದಿನ ಕೆಂಚ ಬೆಣೆ ಹೊತ್ತು ಸೇತುವೆಗೆ ಬಂದ. ಎಲ್ಲರೂ ಬಂದರು. ಒಣಗಿದ ಬೆಣೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಆನೆ ಎರಡು ಮರಗಳಿಗೆ ಸೊಂಡಿಲು ಕೊಟ್ಟು ಹಿಡಿಯಿತು. ಮುಸುವ ಕೆಳಗೆ ಇಳಿದು ಕೊಕ್ಕನ್ನು ಹಿಡಿದು ಎಳೆದ. ಬರಲಿಲ್ಲ. ಕೆಂಚನೂ ಕೈ ಹಾಕಿದ. ಬರಲಿಲ್ಲ. ಮಳೆಯಲ್ಲಿ ಉಬ್ಬಿದ ಮರ ಕೊಕ್ಕನ್ನು ಹಿಡಿದುಕೊಂಡಿತ್ತು. ಎಲ್ಲಿ ಮರ ಮುಗಿದು ಎಲ್ಲಿ ಕೊಕ್ಕು ಶುರುವಾಗುತ್ತೆ ಅಂತ ಬೆರಳಿಗೆ ಸಿಗುತ್ತಿರಲಿಲ್ಲ.

“ಬಿಟ್ಟುಬಿಡಿ,” ಅಂದಳು ದೊಡ್ಡವ್ವ. “ಅವನು ಕೂತ ಮೇಲೆ ಸಡಿಲ ಆಗೋ ಕೆಲಸ ಮಾಡಿದವನಲ್ಲ.”

ಎಲ್ಲರೂ ಕೊಕ್ಕಿದ್ದ ಜಾಗಕ್ಕೆ ತಲೆ ಬಾಗಿಸಿ ನೀರಿಗೆ ಹೋದರು. ಕೆಂಚ ಸೇತುವೆಯ ಮೇಲೆ ಕೂತ. ಮಗಳು ಚಿನ್ನಿ ಅವನ ಹತ್ತಿರ ಬಂದಳು. ಒಂದು ವರ್ಷ ಅವಳು ಅಪ್ಪನ ಜೊತೆ ಹೆಚ್ಚು ಮಾತಾಡಿರಲಿಲ್ಲ. ಅವನ ಮಡಿಲಲ್ಲಿದ್ದ ಬೆಣೆಯನ್ನು ಮುಟ್ಟಿ ನೋಡಿದಳು. ನುಣುಪಾಗಿತ್ತು, ಬಿಸಿಲಿಗೆ ಬೆಚ್ಚಗಿತ್ತು.

“ಚೆನ್ನಾಗಿದೆ ಅಪ್ಪ,” ಅಂದಳು. “ಇದು ಯಾವ ತೂತಿಗೆ?”

ಕೆಂಚ ಎಂದಿನಂತೆ ಬೆಣೆಯನ್ನು ಬಿಸಿಲ ಕಡೆ ತಿರುವಿದ. ಮಗಳು ಸ್ವಲ್ಪ ಹೊತ್ತು ನಿಂತಿದ್ದು ಗೆಳೆಯನ ಹಿಂದೆ ಹೋದಳು. ಅವನು ಬೆಣೆ ಹಿಡಿದುಕೊಂಡು ಅಲ್ಲೇ ಕೂತಿದ್ದ. ನೀರಿಗೆ ಹೋಗುವವರು, ನೀರು ಕುಡಿದು ಬರುವವರು, ಅವನನ್ನು ದಾಟಿಕೊಂಡು ಓಡಾಡಿದರು.

ನೀತಿ: ಕಣ್ಣಿಗೆ ಕಾಣದ ಕಡೆ ಕಳ್ಳಕೆಲಸ ಮಾಡಿದವನ ಸಾಲವನ್ನು ಅವನನ್ನು ನಂಬಿದವರು ಪ್ರಾಣ ಕೊಟ್ಟು ತೀರಿಸಬೇಕಾಗುತ್ತದೆ, ಆಮೇಲೆ ಎಷ್ಟು ಸರಿಯಾಗಿ ಮಾಡಿದರೂ ಹೋದವರು ತಿರುಗಿ ಬರುವುದಿಲ್ಲ.